ಹೇಳಿದ ದಿನ ತಪ್ಪೊಲ್ಲ ಅಂದವರಿಗೆ ಐದಕ್ಕೆ ಮೂರು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ನಾನು ಟೈಲರ್. ಇಪ್ಪತ್ತೆರಡು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. "ಗುರುವಾರ ಬನ್ನಿ" ಅಂತ ಹೇಳಿ ಶನಿವಾರವೂ ಕೊಡದೆ, ಗಿರಾಕಿ ಮೆಟ್ಟಿಲು ಹತ್ತೋದು ಕಂಡ ಕೂಡಲೇ ಅವರ ಬಟ್ಟೆಯನ್ನೇ ಮೆಷಿನ್ ಮೇಲೆ ಹರಡಿ ಈಗಷ್ಟೇ ಕೂತವಳ ಹಾಗೆ ನಟಿಸಿದವಳು. ಹಾಗಾಗಿ ನಮ್ಮ ಹೋಬಳಿ ನಾಡಕಚೇರಿಯ ಗೋಡೆ ಮೇಲೆ "ಇಂದು, ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ" ಅನ್ನೋ, ಸರ್ಕಾರಿ ಕೆಲಸ ಗಡುವಿನೊಳಗೆ ಮಾಡಿಕೊಡೋ ಸಕಾಲ ಯೋಜನೆಯ ಬೋರ್ಡು ಓದಿ ನಗು ಬಂತು. ಇಂಥ ಬೋರ್ಡು ಹಾಕೋ ಧೈರ್ಯ ನಮ್ಮ ಕಸುಬಿನಲ್ಲಿ ಯಾರಿಗೂ ಇಲ್ಲ.

ಹೋಟೆಲಿಗೆ, ಸೀರೆ ಅಂಗಡಿಗೆ, ಮಿಕ್ಸಿಗೆ ಎಲ್ಲರೂ ಸ್ಟಾರ್ ಕೊಡುತ್ತಾರೆ. ವರ್ಷಕ್ಕೆ ಹತ್ತು ಸಲ ಹತ್ತಿ ಇಳಿಯೋ ನಾಡಕಚೇರಿಗೆ ಯಾಕೆ ಕೊಡಬಾರದು? ಯಾವ ಹೋಬಳಿ ಅಂತ ಮಾತ್ರ ಬರೆಯೋದಿಲ್ಲ. ತುಮಕೂರು ಜಿಲ್ಲೆ, ಅಷ್ಟು ಸಾಕು.

ನನ್ನ ಕೆಲಸ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸೋದು. ಅಪ್ಪ ಕಾರ್ತಿಕದಲ್ಲಿ ತೀರಿಕೊಂಡರು. ಅವರ ಹೆಸರಲ್ಲಿದ್ದದ್ದು 1 ಎಕರೆ 12 ಗುಂಟೆ ತೆಂಗಿನ ತೋಟ. ಪಹಣಿ ಸತ್ತವರ ಹೆಸರಲ್ಲೇ ಇದ್ದರೆ ತೋಟ ಇದ್ದೂ ಇಲ್ಲದ ಹಾಗೆ. ಬೆಂಬಲ ಬೆಲೆಗೆ ಕೊಬ್ಬರಿ ಕೊಡಬೇಕಂದ್ರೆ ರೈತರ ನೋಂದಣಿ ನಂಬರ್ ಆದ ಫ್ರೂಟ್ಸ್ ಐಡಿ ಬೇಕು, ಆ ಐಡಿಗೆ ಪಹಣಿ ಬೇಕು. ಬ್ಯಾಂಕಿನವರೂ ಮೊದಲು ಕೇಳೋದು ಅದನ್ನೇ. ವಾರಸುದಾರರು ಮೂರು ಜನ: ಅಮ್ಮ, ಅಣ್ಣ, ನಾನು. ಅಣ್ಣ ಬೆಂಗಳೂರಲ್ಲಿ ಕ್ಯಾಬ್ ಓಡಿಸುತ್ತಾನೆ, ಅವನಿಗೆ ರಜೆ ಇಲ್ಲ. ನನಗೂ ಇಲ್ಲ, ಆದರೆ ಅಂಗಡಿ ನನ್ನದೇ. ಹೀಗಾಗಿ ಓಡಾಟ ನನ್ನ ತಲೆಗೆ ಬಂತು.

ಜಾಗದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಎರಡು ರೂಮು, ಮುಂದೆ ಒಂದು ಹೊಂಗೆ ಮರ. ಮರದ ಕೆಳಗೆ ಜೆರಾಕ್ಸ್ ಅಂಗಡಿ, ಪಕ್ಕದಲ್ಲಿ ಟೀ. ಕೂರಲು ಒಂದೇ ಸಿಮೆಂಟ್ ಕಟ್ಟೆ, ಮಧ್ಯಾಹ್ನ ಹನ್ನೆರಡರ ಮೇಲೆ ಅಲ್ಲಿ ಬಿಸಿಲು. ಕುಡಿಯೋ ನೀರಿನ ಫಿಲ್ಟರ್ ಇದೆ, ಲೋಟ ಇಲ್ಲ. ಶೌಚಾಲಯ ಇದೆ, ಬೀಗ ಇದೆ, ಕೀಲಿ ಯಾರ ಹತ್ತಿರ ಅಂತ ಒಂಬತ್ತು ಸಲ ಹೋದರೂ ಗೊತ್ತಾಗಲಿಲ್ಲ. ಹೆಂಗಸರು ಮನೆಯಿಂದ ಹೊರಡೋ ಮುಂಚೆಯೇ ಲೆಕ್ಕ ಹಾಕಿ ನೀರು ಕುಡಿಯಿರಿ.

ಈಗ ಮುಖ್ಯ ವಿಷಯ. ಪೌತಿಗೆ ಮೊದಲು ವಂಶವೃಕ್ಷ ಬೇಕು, ಮೊದಲ ದಿನ ಅದರ ಅರ್ಜಿ ತಗೊಂಡು ಹೋದೆ. ಮರಣ ಪತ್ರ, ಪಹಣಿ, ಎಲ್ಲರ ಆಧಾರ್, ನೋಟರಿ ಮಾಡಿಸಿದ ಅಫಿಡವಿಟ್, ಎಲ್ಲಾ ಪಿನ್ ಹೊಡೆದು ರೆಡಿ. ಕೌಂಟರ್ ಹತ್ತಿರ ಜನ. ವಿಎ ಸಾಹೇಬರು ಬಾಗಿಲಲ್ಲೇ ಸಿಕ್ಕರು. ಈಗ ಅವರಿಗೆ ಗ್ರಾಮ ಆಡಳಿತ ಅಧಿಕಾರಿ ಅನ್ನಬೇಕಂತೆ, ನಮ್ಮ ಬಾಯಲ್ಲಿ ಮಾತ್ರ ಇನ್ನೂ ವಿಎ. ಒಳ್ಳೆಯ ಮಾತುಗಾರರು. "ಬಿಟ್ಟೋಗಮ್ಮ, ನಾನು ನೋಡ್ತೀನಿ" ಅಂತ ಕಾಗದ ತಗೊಂಡು ಬ್ಯಾಗಿಗೆ ಹಾಕಿಕೊಂಡರು. ಎಷ್ಟು ಸಲೀಸು ಅಂತ ಖುಷಿಯಾಗಿ ವಾಪಸ್ ಬಂದೆ.

ಇಪ್ಪತ್ಮೂರು ದಿನ ಆಯಿತು, ಏನೂ ಇಲ್ಲ. ಫೋನ್ ಮಾಡಿದರೆ "ಫೀಲ್ಡಲ್ಲಿದ್ದೀನಿ". ಮತ್ತೆ ಹೋದೆ. ಕೌಂಟರಿನಲ್ಲಿ ಕಂಪ್ಯೂಟರ್ ಮುಂದೆ ಒಬ್ಬ ಆಪರೇಟರ್ ಹುಡುಗ. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದು.

"ಚೀಟಿ ಕೊಡಿ ಅಕ್ಕ."

"ಯಾವ ಚೀಟಿ?"

"ಸ್ವೀಕೃತಿ ಚೀಟಿ. ಸಕಾಲದ ಜಿಎಸ್‌ಸಿ ನಂಬರ್ ಇರುತ್ತಲ್ಲ."

"ಇಲ್ಲಪ್ಪ. ವಿಎ ಸಾಹೇಬ್ರ ಕೈಲಿ ಕೊಟ್ಟಿದ್ದೆ."

ಅವನು ಒಂದು ಸಲ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಹಂಗಾದ್ರೆ ನಿಮ್ಮ ಅರ್ಜಿ ಇನ್ನೂ ಬಂದಿಲ್ಲ ಅಕ್ಕ."

ಈ ಮಾತು ಸರಿಯಾಗಿ ಅರ್ಥ ಆಗಲು ನನಗೆ ಟೀ ಅಂಗಡಿವರೆಗೂ ನಡೆಯಬೇಕಾಯಿತು. ಸಕಾಲ ಕಾಯ್ದೆ ಆದದ್ದು 2011ರಲ್ಲಿ. 2012ರ ಏಪ್ರಿಲ್ 2ರಿಂದ ಇಡೀ ರಾಜ್ಯಕ್ಕೆ ಬಂತು. ಒಂದೊಂದು ಕೆಲಸಕ್ಕೂ ಇಷ್ಟು ದಿನ ಅಂತ ಗಡುವು. ತಪ್ಪಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ, ತಪ್ಪಿದ ನೌಕರರ ಜೇಬಿನಿಂದ ನಮಗೆ. ಆದರೆ ಗಡಿಯಾರ ಶುರುವಾಗೋದು ನಂಬರ್ ಹಾಕಿದ ಮೇಲೆ. ನಂಬರ್ ಹಾಕದೆ ಕಾಗದವನ್ನು ಬ್ಯಾಗಲ್ಲಿ ಇಟ್ಟುಕೊಂಡರೆ? ಗಡಿಯಾರವೇ ಇಲ್ಲ. ಇಪ್ಪತ್ಮೂರು ದಿನ ತಡ ಆದರೂ ಸರ್ಕಾರದ ಲೆಕ್ಕದಲ್ಲಿ ಒಂದು ನಿಮಿಷವೂ ತಡ ಆಗಿಲ್ಲ.

ನನ್ನ ಅಂಗಡಿಯಲ್ಲೂ ಇದೇ ನಡೆಯುತ್ತೆ. ಬಟ್ಟೆ ತಗೊಂಡ ಕೂಡಲೇ ಅಳತೆ ಬರೆದು, ತಾರೀಖು ಹಾಕಿ, ಬಟ್ಟೆಯ ಚೂರು ಪಿನ್ ಮಾಡಿ ಚೀಟಿ ಹರಿದು ಕೊಟ್ಟರೆ ಆ ಬ್ಲೌಸ್ ಹೊಲಿದೇ ಹೊಲಿಯುತ್ತೇನೆ. "ಇಟ್ಟೋಗಿ, ಆಮೇಲೆ ಬರ್ಕೋತೀನಿ" ಅಂದ ಬಟ್ಟೆ ಇದೆಯಲ್ಲ, ಅದು ಬೀರುವಿನ ಮೇಲೆ ಆರು ತಿಂಗಳು ಕೂತಿರುತ್ತೆ. ಚೀಟಿ ಕೊಡದಿರೋದು ಮರೆವಲ್ಲ ಅಂತ ನನಗೆ ಚೆನ್ನಾಗಿ ಗೊತ್ತು, ನಾನೇ ಮಾಡಿದ್ದೀನಿ. ಚೀಟಿ ಕೊಡದಿದ್ದರೆ ಗಿರಾಕಿ ಜೋರು ಮಾಡಕ್ಕಾಗಲ್ಲ. ಬಂದು ಕೇಳಿಕೊಳ್ಳಬೇಕು, ಅಷ್ಟೇ.

ಈ ಕೇಳಿಕೊಳ್ಳೋ ಜಾಗದಲ್ಲೇ ಟೀ ಅಂಗಡಿಯ ವ್ಯಕ್ತಿ ಬರೋದು. ಬಿಳಿ ಶರ್ಟು, ಕೈಯಲ್ಲಿ ಪ್ಲಾಸ್ಟಿಕ್ ಫೈಲು. "ಪೌತಿನಾ ಅಕ್ಕ? ಎಲ್ಲಾ ಸೇರಿ ನಾಲ್ಕು ಸಾವಿರ. ನೀವು ಬರೋದೇ ಬೇಡ." ಎಲ್ಲಾ ಅಂದ್ರೆ ಯಾರ್‍ಯಾರು ಅಂತ ಕೇಳಿದೆ. ನಕ್ಕ. "ಎಲ್ಲಾ ಅಂದ್ರೆ ಎಲ್ಲಾ."

ಕೊಡಲಿಲ್ಲ. ನಾನು ದೊಡ್ಡ ಸತ್ಯವಂತೆ ಅಂತಲ್ಲ. 2019ರಲ್ಲಿ ಮಗಳ ಆದಾಯ ಪ್ರಮಾಣ ಪತ್ರಕ್ಕೆ 300 ರೂಪಾಯಿ ಕೊಟ್ಟಿದ್ದೇನೆ, ಇದೇ ಮರದ ಕೆಳಗೆ. ಕಾಲೇಜಿಗೆ ಮಾರನೇ ದಿನವೇ ಕೊನೆ ದಿನ, ಕೊಟ್ಟೆ. ಆಮೇಲೆ ಗೊತ್ತಾಯಿತು, 2018ರ ತಿದ್ದುಪಡಿ ಆದಮೇಲೆ ಲಂಚ ಕೊಟ್ಟವರದ್ದೂ ಅಪರಾಧವೇ. ಬಲವಂತದಿಂದ ಕೊಟ್ಟಿದ್ದರೆ ಏಳು ದಿನದೊಳಗೆ ಹೋಗಿ ದೂರು ಹೇಳಿದವರಿಗೆ ಮಾತ್ರ ರಕ್ಷಣೆ. ನನ್ನ ಏಳು ದಿನ ಯಾವತ್ತೋ ಮುಗಿದಿದೆ. ಅದಕ್ಕೇ ಈ ವಿಮರ್ಶೆಯಲ್ಲಿ ಅವರಿಗೆ ಕಳೆಯೋ ಸ್ಟಾರಲ್ಲಿ ಅರ್ಧ ನನಗೂ ಸೇರಬೇಕು.

ಗೋಡೆ ಮೇಲೆ ಇನ್ನೊಂದು ಬೋರ್ಡಿದೆ. ಲಂಚ ಕೇಳಿದರೆ ದೂರು ಕೊಡಿ ಅಂತ. ಮೊದಲು ಅದರಲ್ಲಿ ಭ್ರಷ್ಟಾಚಾರ ನಿಗ್ರಹ ದಳದ, ಅಂದರೆ ಎಸಿಬಿಯ ನಂಬರ್ ಇತ್ತು. 2022ರ ಆಗಸ್ಟಿನಲ್ಲಿ ಹೈಕೋರ್ಟು ಎಸಿಬಿಯನ್ನೇ ರದ್ದು ಮಾಡಿತಲ್ಲ, ಆಮೇಲೆ ಅದರ ಮೇಲೆ ಬಿಳಿ ಹಾಳೆ ಅಂಟಿಸಿ ಲೋಕಾಯುಕ್ತದ ನಂಬರ್ ಬರೆದಿದ್ದಾರೆ. ಗೋಂದು ಬಿಟ್ಟು ಹಾಳೆಯ ಒಂದು ಮೂಲೆ ಎದ್ದಿದೆ, ಕೆಳಗಿನ ಹಳೇ ನಂಬರ್ ಇಣುಕುತ್ತೆ. ತೇಪೆ ಸರಿಯಾಗಿ ಕೂತಿಲ್ಲ ಅಂದುಕೊಂಡೆ.

ಲೋಕಾಯುಕ್ತದವರ ಟ್ರ್ಯಾಪ್ ಬಗ್ಗೆ ನಮ್ಮ ಅಂಗಡಿಯಲ್ಲಿ ಭಾರಿ ಚರ್ಚೆ ಆಗುತ್ತೆ. ನೋಟಿಗೆ ಫಿನಾಫ್ಥಲೀನ್ ಪುಡಿ ಸವರಿ ಕೊಡುತ್ತಾರೆ, ಕಣ್ಣಿಗೆ ಕಾಣಲ್ಲ. ಇಸ್ಕೊಂಡವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ನೀರಲ್ಲಿ ಅದ್ದಿಸಿದರೆ ನೀರು ಗುಲಾಬಿ ಆಗುತ್ತೆ. ಸೋಡಿಯಂ ಕಾರ್ಬೊನೇಟ್ ಅಂದ್ರೆ ನಮ್ಮ ಬಟ್ಟೆ ಸೋಡಾನೇ. ಬಣ್ಣ ಬಿಡೋ ಸೀರೆ ನೋಡಿ ನೋಡಿ ಅಭ್ಯಾಸ ಆಗಿರೋ ನನಗೆ ಇದು ಬಹಳ ಇಷ್ಟವಾದ ವಿಷಯ. ಸಾವಿರ ಪುಟದ ಫೈಲಿಗಿಂತ ಒಂದು ಬಾಟಲಿ ರಾಣಿ ಪಿಂಕ್ ನೀರು ಗಟ್ಟಿ ಸಾಕ್ಷಿ.

ಆದರೆ ಒಂದು ವಿಷಯ ಒಳಗೆ ಹೋದಾಗಲೇ ಕಂಡಿದ್ದು. ಒಂದು ದಿನ ಬೆಳಗ್ಗೆ ಹತ್ತಕ್ಕೇ ಹೋಗಿದ್ದೆ. ಕೇಸ್ ವರ್ಕರ್ ಒಬ್ಬರು ಬಂದು ಟಿಫನ್ ಬ್ಯಾಗ್ ಇಟ್ಟು, ಪರ್ಸ್ ತೆಗೆದು ನೋಟು ಎಣಿಸಿ, ಉದ್ದನೆಯ ರಿಜಿಸ್ಟರಲ್ಲಿ 180 ಅಂತ ಬರೆದು ಸಹಿ ಹಾಕಿದರು. ಏನ್ ಮೇಡಂ ಇದು ಅಂದೆ. "ನಗದು ಘೋಷಣೆ ಅಮ್ಮ. ಬರೋವಾಗ ನಮ್ಮ ಹತ್ರ ಎಷ್ಟಿತ್ತು ಅಂತ ಬರೀಬೇಕು. ಸಂಜೆ ಜಾಸ್ತಿ ಇದ್ರೆ ಲೆಕ್ಕ ಹೇಳ್ಬೇಕು." ಅವರು ಅದನ್ನು ಎಷ್ಟು ಸಹಜವಾಗಿ ಮಾಡಿದರು ಅಂದ್ರೆ, ನಾವು ಹೊಸಿಲಿಗೆ ಕುಂಕುಮ ಇಡ್ತೀವಲ್ಲ, ಹಂಗೆ. ನನಗೆ ಅವರ ಮೇಲೆ ಗೌರವ ಬಂತು. ಹೊರಗೆ ಬಂದು ಮರದ ಕೆಳಗಿನ ಬಿಳಿ ಶರ್ಟನ್ನು ನೋಡಿದೆ. ಅವನ ಜೇಬಿಗೆ ಯಾವ ರಿಜಿಸ್ಟರೂ ಇಲ್ಲ. ಒಳಗಿನವರ ಜೇಬಿನಲ್ಲಿ ಸಂಜೆವರೆಗೂ 180 ರೂಪಾಯಿಯೇ ಇರುತ್ತೆ, ವಹಿ ಚೊಕ್ಕ. ಹಣ ಓಡಾಡೋದು ಜೆರಾಕ್ಸ್ ಅಂಗಡಿ ಡ್ರಾಯರಲ್ಲಿ.

ಸರಿ, ನನ್ನ ಕಥೆ. ಆಪರೇಟರ್ ಹುಡುಗ ಹೇಳಿದ ಮೇಲೆ ವಿಎ ಅವರ ಹತ್ತಿರ ಕಾಗದ ವಾಪಸ್ ಕೇಳಿದೆ. "ಕೌಂಟರಲ್ಲೇ ಕೊಡ್ತೀನಿ ಸಾರ್, ನಿಮಗ್ಯಾಕೆ ತೊಂದ್ರೆ" ಅಂತ ನಗುನಗುತ್ತಾ. ಅವರೂ ನಗುತ್ತಾ ಕೊಟ್ಟರು. ಆವತ್ತು ಸರ್ವರ್ ಇರಲಿಲ್ಲ. ಮಧ್ಯಾಹ್ನವೂ ಇರಲಿಲ್ಲ. ಹುಡುಗ ಬಂದವರ ಹೆಸರನ್ನು ಸಾಲಾಗಿ ಒಂದು ಹಾಳೆಯಲ್ಲಿ ಬರೆದುಕೊಂಡು ಮನೆಗೆ ಹೋಗಬೇಡಿ ಅಂದ. ನಾಲ್ಕೂವರೆಗೆ ಸರ್ವರ್ ಬಂತು. ಹಾಳೆಯ ಕ್ರಮದಲ್ಲೇ ಕರೆದ. ಬಿಳಿ ಶರ್ಟಿನವನು ಮಧ್ಯೆ ಕಿಟಕಿಯಲ್ಲಿ ಕೈ ತೂರಿಸಿ ಮೂರು ಫೈಲು ಇಟ್ಟ. ಹುಡುಗ ಅವನ್ನು ಎತ್ತಿ ರಾಶಿಯ ಕೊನೆಗೆ ಇಟ್ಟ, ಮಾತೇ ಆಡಲಿಲ್ಲ. ನನ್ನ ಸರದಿ ಬಂದಾಗ ಆರು ಗಂಟೆ. ನೂರರ ನೋಟು ಕೊಟ್ಟೆ. ಶುಲ್ಕ ಕಳೆದು ಕೊಡಲು ಅವನ ಹತ್ತಿರ ಚಿಲ್ಲರೆ ಇರಲಿಲ್ಲ.

"ಇರ್ಲಿ ಬಿಡಪ್ಪ, ಟೀ ಕುಡಿ" ಅಂದೆ. ನಿಜವಾಗಲೂ ಪ್ರೀತಿಯಿಂದಲೇ ಅಂದಿದ್ದು.

ಎದ್ದು ಹೊರಗೆ ಹೋಗಿ ಟೀ ಅಂಗಡಿಯಿಂದ ಚಿಲ್ಲರೆ ತಂದು ನನ್ನ ಕೈಗೆ ಎಣಿಸಿದ. "ಚಿಲ್ರೆ ಇಲ್ಲ ಅಂತ ಇಟ್ಕೊಳ್ಳೋಕೆ ಶುರು ಮಾಡಿದ್ರೆ ದಿನಕ್ಕೆ ಎಷ್ಟಾಗುತ್ತೆ ಗೊತ್ತಾ ಅಕ್ಕ? ಆಮೇಲೆ ಚಿಲ್ರೆ ಯಾವತ್ತೂ ಇರೋದೇ ಇಲ್ಲ." ಅವನು ಹೊರಗುತ್ತಿಗೆಯವನಂತೆ. ಸಂಬಳ ಎರಡು ತಿಂಗಳಿಗೊಮ್ಮೆ ಬರುತ್ತೆ ಅಂತ ಆಮೇಲೆ ಬೇರೆಯವರು ಹೇಳಿದರು. ಮೂರು ಸ್ಟಾರ್ ಕೊಟ್ಟಿದ್ದೀನಲ್ಲ, ಅದರಲ್ಲಿ ಎರಡು ಇವನದು.

ಚೀಟಿ ಸಿಕ್ಕಿತು. ಅದರಲ್ಲಿ ಕೊಡೋ ತಾರೀಖು ಅಚ್ಚಾಗಿತ್ತು. ಫೋಟೊ ತೆಗೆದು ಅಣ್ಣನಿಗೂ ಕಳಿಸಿದೆ.

ಆಮೇಲೆ ಸ್ಥಳ ವಿಚಾರಣೆಗೆ ವಿಎ ಊರಿಗೆ ಬಂದರು. ಜಗಲಿ ಮೇಲೆ ಕೂತು ಕರಡು ಬರೆದರು. ಓದಿದರೆ ಅಮ್ಮನ ಹೆಸರು, ಅಣ್ಣನ ಹೆಸರು. ನನ್ನದಿಲ್ಲ. "ನಿಮ್ಮನ್ನ ಕೊಟ್ಟ ಮನೇಲಿ ಚೆನ್ನಾಗಿದ್ದೀರಲ್ಲಮ್ಮ. ಹೆಣ್ಮಕ್ಕಳು ಬಿಟ್ಕೊಡೋದು ವಾಡಿಕೆ. ಹೆಸರು ಕಮ್ಮಿ ಇದ್ರೆ ಕೆಲಸ ಬೇಗ." ಬಂದ ನೆಂಟರು ತಲೆ ಆಡಿಸಿದರು. ಇದರಲ್ಲಿ ದುಡ್ಡಿನ ಮಾತೇ ಇರಲಿಲ್ಲ, ಅದಕ್ಕೇ ನನಗೆ ಇದು ಜಾಸ್ತಿ ಚುಚ್ಚಿತು. ಬಿಟ್ಟುಕೊಡೋದು, ಬಿಡೋದು ನನ್ನ ಇಷ್ಟ. ಆದರೆ ವಂಶವೃಕ್ಷ ಅನ್ನೋದು ಅಪ್ಪನಿಗೆ ಎಷ್ಟು ಮಕ್ಕಳು ಅಂತ ಹೇಳೋ ಕಾಗದ. ಅದರಲ್ಲಿ ನಾನು ಹುಟ್ಟೇ ಇಲ್ಲ ಅಂತ ಬರೆಯೋಕೆ ಇವರಿಗೆ ಯಾರು ಹಕ್ಕು ಕೊಟ್ಟರು? ಅಪ್ಪ ವಿಲ್ ಮಾಡದೆ ಹೋದರೆ ಅವರ ಸ್ವಂತ ಆಸ್ತಿಯಲ್ಲಿ ಮಗಳಿಗೂ ಪಾಲು ಅಂತ 1956ರ ಕಾನೂನೇ ಹೇಳುತ್ತೆ. ಪಿತ್ರಾರ್ಜಿತಕ್ಕೆ ನಮ್ಮ ಕರ್ನಾಟಕದಲ್ಲಿ 1994ರಲ್ಲೇ ಹಕ್ಕು ಬಂತು, ದೇಶಕ್ಕೆಲ್ಲ 2005ರಲ್ಲಿ. ಇದೆಲ್ಲ ನನಗೆ ಆಗ ಬಾಯಿಗೆ ಬರಲಿಲ್ಲ. ಅಣ್ಣನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಆ ಕಡೆ ಸ್ವಲ್ಪ ಹೊತ್ತು ಬರೀ ಹಾರ್ನ್ ಶಬ್ದ. ಆಮೇಲೆ "ಬರೀರಿ ಸಾರ್, ಅವಳ ಹೆಸರೂ ಬರೀರಿ" ಅಂದ. ವಿಎ ಹೊಸ ಹಾಳೆ ತೆಗೆದರು.

ವಂಶವೃಕ್ಷ ಕೈಗೆ ಬಂದಿದ್ದು ಚೀಟಿಯ ತಾರೀಖಿಗಿಂತ ನಾಲ್ಕು ದಿನ ತಡವಾಗಿ. ನಾಲ್ಕು ಇಪ್ಪತ್ತಲಿ ಎಂಬತ್ತು. ಸುಮ್ನೆ ಕೇಳಿ ನೋಡೋಣ ಅಂತ "ಸಾರ್, ಸಕಾಲದ 80 ರೂಪಾಯಿ?" ಅಂದೆ. ಇಡೀ ರೂಮು ತಿರುಗಿ ನೋಡಿತು. ಫ್ಯಾನ್ ಕೂಡ ನಿಂತ ಹಾಗಾಯಿತು. ಒಬ್ಬರು ನಿಧಾನವಾಗಿ ಹೇಳಿದರು: "ಕೊಡ್ಬೋದಮ್ಮ. ಸಕ್ಷಮ ಅಧಿಕಾರಿಗೆ ಮೇಲ್ಮನವಿ ಹಾಕಿ. ನಿಮ್ಮ ಪೌತಿ ಇನ್ನೂ ಬಾಕಿ ಇದೆ ಅಲ್ವಾ?" ಬೆದರಿಕೆ ಅಂತ ಹೇಳೋ ಹಾಗಿಲ್ಲ, ದನಿ ಜೇನಿನ ಹಾಗಿತ್ತು. ನಾನು ಬಾಯಿ ಮುಚ್ಚಿಕೊಂಡು ಬಂದೆ.

ಪರಿಹಾರ ತಗೊಳ್ಳೋರು ಯಾಕೆ ಇಷ್ಟು ಕಮ್ಮಿ ಅಂತ ಯಾರಾದರೂ ಕೇಳಿದರೆ ಇದೇ ಉತ್ತರ. ಮೊತ್ತ ಸಣ್ಣದು, ಅದು ಒಂದು ಕಾರಣ. ಬಸ್ ಚಾರ್ಜು, ಒಂದು ದಿನದ ಮೂರು ಬ್ಲೌಸ್ ಕೂಲಿ ಲೆಕ್ಕ ಹಾಕಿದರೆ 20 ರೂಪಾಯಿ ಏನಕ್ಕೂ ಸಾಲಲ್ಲ. ಇಪ್ಪತ್ತೈದು ದಿನಕ್ಕೆ 500 ಮುಟ್ಟಿದ ಮೇಲೆ ಇನ್ನೆಷ್ಟು ತಡ ಆದರೂ ಅವರಿಗೆ ಪುಕ್ಕಟೆ. ಆದರೆ ದೊಡ್ಡ ಕಾರಣ, ನಮ್ಮ ಮುಂದಿನ ಕಾಗದ ಯಾವಾಗಲೂ ಅವರ ಟೇಬಲ್ ಮೇಲೆಯೇ ಇರುತ್ತೆ.

ಇನ್ನೊಂದು ಚಾಲಾಕಿತನ ನಮ್ಮ ಗಿರಾಕಿ ಒಬ್ಬರಿಗೆ ಆಯಿತು. ಅವರ ಅರ್ಜಿಯನ್ನು ಕೊನೆಯ ದಿನ "ದಾಖಲೆ ಅಪೂರ್ಣ" ಅಂತ ತಿರಸ್ಕರಿಸಿದರು. ಗಡುವಿನೊಳಗೆ ವಿಲೇವಾರಿ ಆಯಿತಲ್ಲ, ಲೆಕ್ಕ ಸರಿ. ಹಾಗಾದ್ರೆ ನಾನೂ ಹೇಳಿದ ದಿನ ತಪ್ಪದ ಟೈಲರೇ. ಗುರುವಾರ ಸಂಜೆ "ಲೈನಿಂಗ್ ಸಾಲಲ್ಲ" ಅಂತ ಬಟ್ಟೆ ಮಡಿಸಿ ವಾಪಸ್ ಕೊಟ್ಟರಾಯಿತು.

ಪೌತಿ ಅರ್ಜಿ ಹಾಕಿದ ಮೇಲೆ ಮಾತ್ರ ನನಗೆ ಆಶ್ಚರ್ಯ ಆಯಿತು. ಒಳ್ಳೇದನ್ನೂ ಹೇಳಬೇಕಲ್ವಾ. ಅಪ್ಪನ ಕಾಲದಲ್ಲಿ ಪಹಣಿ ಇರುತ್ತಿದ್ದದ್ದು ಗ್ರಾಮ ಲೆಕ್ಕಿಗರ ಕೈಬರಹದಲ್ಲಿ, ಅವರ ಚೀಲದಲ್ಲಿ. ಅಪ್ಪ ಒಂದು ಗೊನೆ ಎಳನೀರು ಇಳಿಸಿ ಸೈಕಲ್ಲಿಗೆ ಕಟ್ಟಿಕೊಂಡು ಅವರ ಮನೆಗೆ ಹೋಗುತ್ತಿದ್ದದ್ದು ನನಗೆ ನೆನಪಿದೆ. ಆಮೇಲೆ ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ 'ಭೂಮಿ' ಬಂತು. 15 ರೂಪಾಯಿ ಕೊಟ್ಟು ಮೊದಲ ಕಂಪ್ಯೂಟರ್ ಪಹಣಿ ತಂದ ದಿನ ಅಪ್ಪ ಅದನ್ನು ದೇವರ ಮನೆಯಲ್ಲಿ ಇಟ್ಟಿದ್ದರು. ಆ ಯಂತ್ರದಲ್ಲಿ ಒಂದು ನಿಯಮ ಇದೆ: ಮೊದಲು ಬಂದ ಖಾತೆ ಬದಲಾವಣೆ ಮೊದಲು ಮುಗಿಯಬೇಕು, ಆಮೇಲೆ ಬಂದದ್ದನ್ನು ಮುಂದಕ್ಕೆ ಎಳೆಯೋ ಹಾಗಿಲ್ಲ. ಅಧಿಕಾರಿ ಬೆರಳಚ್ಚು ಕೊಟ್ಟೇ ಒಪ್ಪಿಗೆ ಹಾಕಬೇಕು, ಆಮೇಲೆ ನಾನಲ್ಲ ಅನ್ನೋ ಹಾಗಿಲ್ಲ. ಇದನ್ನು ಯೋಚಿಸಿದವರಿಗೆ ನಮ್ಮಂಥವರ ಕಷ್ಟ ಗೊತ್ತಿತ್ತು.

ಚಾವಡಿಯಲ್ಲಿ ನೋಟಿಸ್ ಅಂಟಿಸಿದರು. ಆಕ್ಷೇಪಣೆಗೆ ಕೊಟ್ಟ ಗಡುವು ಮುಗಿಯಿತು. ಯಾರೂ ತಕರಾರು ಎತ್ತಲಿಲ್ಲ. ಆಮೇಲೂ ಎರಡು ವಾರ ಕಂದಾಯ ನಿರೀಕ್ಷಕರಾದ ಆರ್‌ಐ ಹತ್ತಿರ ಕೂತಿತ್ತು. ಮಗಳು ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಟ್ಟಳು: ನಮ್ಮ ಕಡತ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಯಾರ ಬಳಿ ಇತ್ತು, ಅಷ್ಟೇ ಪ್ರಶ್ನೆ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಶುಲ್ಕ 10 ರೂಪಾಯಿ. ನಮ್ಮದು ಮೂವತ್ತು ಪದವೂ ಆಗಲಿಲ್ಲ. ಪೋಸ್ಟಲ್ ಆರ್ಡರ್ ಪಿನ್ ಮಾಡಿ ಕೈಯಲ್ಲಿ ಹಿಡಿದು ಕಟ್ಟೆ ಮೇಲೆ ಕೂತೆ. ಒಳಗಿನಿಂದ ಒಬ್ಬರು ಬಂದು ಅದನ್ನು ಓದಿದರು. ಮೂರನೇ ದಿನ ಎಂ.ಆರ್. ನಂಬರ್ ಬಿತ್ತು, ಅಂದರೆ ಖಾತೆ ಬದಲಾಯಿತು. ಅರ್ಜಿ ಕೊಡೋ ಪ್ರಮೇಯವೇ ಬರಲಿಲ್ಲ.

ಈಗ ಪಹಣಿಯ ಒಂಬತ್ತನೇ ಕಾಲಂನಲ್ಲಿ ಮೂರು ಹೆಸರಿದೆ. ಅಮ್ಮನದು, ಅಣ್ಣನದು, ನನ್ನದು. ನನ್ನ ಹೆಸರಿನ ದೀರ್ಘ ಒಂದು ಹಾರಿಹೋಗಿದೆ. ಅದನ್ನು ಸರಿ ಮಾಡಿಸೋಕೆ ತಿದ್ದುಪಡಿ ಅರ್ಜಿ ಹಾಕಬೇಕಂತೆ. ಸದ್ಯಕ್ಕೆ ಹ್ರಸ್ವದಲ್ಲೇ ಬದುಕುತ್ತೇನೆ.

ಒಟ್ಟು ಓಡಾಟ ಒಂಬತ್ತು. ಲಂಚ ಸೊನ್ನೆ. ಹೊಲಿಯದೆ ಉಳಿದ ಬ್ಲೌಸ್ ಇಪ್ಪತ್ತರ ಮೇಲೆ. ಕಾಯುತ್ತಿದ್ದ ಗಿರಾಕಿಗಳು ನನ್ನ ಬಗ್ಗೆ ಇಂಥದೇ ವಿಮರ್ಶೆ ಬರೆದರೆ ನನ್ನ ಹತ್ತಿರ ಉತ್ತರ ಇಲ್ಲ.

ಹೋಗೋರಿಗೆ ನನ್ನ ಕಡೆಯಿಂದ ಒಂದೇ ಮಾತು. ಎಷ್ಟೇ ಒಳ್ಳೆಯ ಮಾತಾಡಲಿ, ಕೌಂಟರ್ ಬಿಟ್ಟು ಬೇರೆಲ್ಲೂ ಕಾಗದ ಕೊಡಬೇಡಿ. ಚೀಟಿ ಕೈಗೆ ಬರದೆ ಕಟ್ಟೆಯಿಂದ ಏಳಬೇಡಿ.

ನನ್ನ 80 ರೂಪಾಯಿ ಇನ್ನೂ ಬಾಕಿ ಇದೆ. ಮೇಲ್ಮನವಿ ಬರೆದು ಮೆಷಿನ್ ಡ್ರಾಯರಿನಲ್ಲಿ ಬಾಬಿನ್ ಡಬ್ಬಿ ಕೆಳಗೆ ಇಟ್ಟಿದ್ದೇನೆ. ಇನ್ನು ಜಮೀನು ಅಳೆದು ನಕ್ಷೆ ಬೇರೆ ಮಾಡೋ ಪೋಡಿ ಒಂದು ಆಗಬೇಕು, ಆದರೆ ಅದು ಸರ್ವೆಯವರ ಕೆಲಸ, ಬೇರೆ ಟೇಬಲ್. ಸೋಮವಾರ ಅಂಗಡಿ ರಜೆ, ಹೋಗಿ ಮೇಲ್ಮನವಿ ಕೊಟ್ಟು ಬರುತ್ತೇನೆ. "ತುಂಬಾ ತಡ ಮಾಡಿದ್ರಿ ಅಮ್ಮ" ಅನ್ನಬಹುದು. ಅನ್ನಲಿ, ಆ ಮಾತು ಅವರ ಬಾಯಿಂದಲೇ ಒಂದು ಸಲ ಕೇಳಬೇಕು ಅಂತ ನನಗೆ ಆಸೆ. ಕೇಳಿಸಿಕೊಂಡು ಚೀಟಿ ಕೇಳುತ್ತೇನೆ.